ನೂರೆಂಟು ಜನ ಹತ್ತಿದ ಬಸ್ಸು

ಕಾಲರ್ ಹೊಲಿಯುವವರು ಮೂಲೆ ತಿರುಗಿಸುವಾಗ ಉಸಿರಾಡುವುದಿಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಸೇರಿದ ಮೊದಲ ವಾರದಲ್ಲೇ ಇಂದ್ರಮ್ಮ ಇದನ್ನು ಕಲಿತಳು. ಪಕ್ಕದ ಮಿಷನ್ನಿನ ಹಿರಿಯ ಹೆಂಗಸು ಹನುಮಕ್ಕ ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿ, "ಸೂಜಿ ಮೂಲೆಗೆ ಬಂದಾಗ ಉಸಿರು ಹಿಡ್ಕೋ ಕಣಮ್ಮಿ. ಬಿಟ್ರೆ ಕೈ ಅಲುಗುತ್ತೆ, ಮೂಲೆ ಮೊಂಡಾಗುತ್ತೆ, ಚೆಕಿಂಗ್‌ನೋರು ಮುಖಕ್ಕೆ ಎಸೀತಾರೆ" ಎಂದಿದ್ದಳು. ಅಂದಿನಿಂದ ಇಪ್ಪತ್ತೆಂಟು ವರ್ಷ ಇಂದ್ರಮ್ಮನ ಒಂದೇ ಒಂದು ಕಾಲರೂ ಮೊಂಡಾಗಲಿಲ್ಲ. ದಿನಕ್ಕೆ ಆರುನೂರು ಕಾಲರ್, ಒಂದೊಂದಕ್ಕೆ ಎರಡು ಮೂಲೆ. ಅಷ್ಟು ಸಲ ಅವಳ ಉಸಿರು ಎದೆಯ ಬಾಗಿಲಲ್ಲಿ ಬಂದು ನಿಂತು, ಅಪ್ಪಣೆ ಸಿಕ್ಕ ಮೇಲೆ ಹೊರಗೆ ಹೋಗುತ್ತಿತ್ತು. ಆ ಶರ್ಟುಗಳನ್ನು ತೊಟ್ಟು ಯಾವುದೋ ದೇಶದಲ್ಲಿ ಓಡಾಡುವವರಿಗೆ ಇದು ಗೊತ್ತಿಲ್ಲ. ಎರಡು ವರ್ಷದ ಹಿಂದಿನವರೆಗೆ ಇಂದ್ರಮ್ಮನಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳ ಕತ್ತು ಬಲಗಡೆಗೆ ತಿರುಗುವುದನ್ನು ನಿಲ್ಲಿಸಿತು. ಯಾರಾದರೂ ಆ ಕಡೆಯಿಂದ ಕರೆದರೆ ಇಡೀ ಮೈಯನ್ನು ತಿರುಗಿಸಿಯೇ ನೋಡಬೇಕು.

"ಕತ್ತು ತಿರುಗಿಸು ಅಂದ್ರೆ ಡಿಪೋದಲ್ಲಿ ಬಸ್ ತಿರುಗಿಸ್ದಂಗೆ ತಿರುಗ್ತೀಯಲ್ಲೇ" ಎಂದು ಗಂಡ ಹನುಮಂತಯ್ಯ ನಗುತ್ತಿದ್ದ. ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಮಾತೆಲ್ಲ ಗೇರು, ಬ್ರೇಕು, ಸ್ಟಾಪುಗಳ ಸುತ್ತಲೇ. ಆ ಮಾತೂ ಕಡಿಮೆ. ಇಂದ್ರಮ್ಮ ಅಡುಗೆಮನೆಯಿಂದ ಫ್ಯಾಕ್ಟರಿಯ ಸಮಾಚಾರವನ್ನೆಲ್ಲ ಹೇಳಿ ಮುಗಿಸಿ ಈಚೆ ಬಂದು ನೋಡಿದರೆ ಅವನು ಟೀವಿಯ ಮುಂದೆ ಕೂತಿರುತ್ತಿದ್ದ.

"ಮದುವೆಯಾಗಿ ಮೂವತ್ತು ವರ್ಷ ಆಯ್ತು. ನಾನು ಹೇಳೋದಕ್ಕೆ ಒಂದಿನ ಬಾಯಿ ಬಿಟ್ಟು ಹೂಂ ಅಂದಿದೀರಾ ನೀವು?"

"ಡ್ರೈವರ್ ಜೊತೆ ಮಾತಾಡಬಾರದು ಅಂತ ಬರೆದಿರುತ್ತೆ, ಓದಿಲ್ವಾ?"

ಅವಳನ್ನು ಯೋಗಕ್ಕೆ ಎಳೆದುಕೊಂಡು ಹೋದವಳು ಶೋಭಾರಾಣಿ. ಫ್ಯಾಕ್ಟರಿಯಲ್ಲಿ ಪಕ್ಕದ ಮಿಷನ್ನು, ಹೆಗ್ಗನಹಳ್ಳಿಯಲ್ಲಿ ಹಿಂದಿನ ಬೀದಿ. ತುಟಿಗೆ ಬಣ್ಣ ಹಚ್ಚದೆ ಹಾಲು ತರಲೂ ಹೋಗದ ಹೆಂಗಸು. "ಸಮುದಾಯ ಭವನದ ಮಹಡಿ ಮೇಲೆ ಬೆಳಿಗ್ಗೆ ಐದೂವರೆಗೆ ಫ್ಲೋ ಕ್ಲಾಸು ಬಾರೇ. ನಮ್ಮ ಲೈನ್‌ನೋರೇ ಎಂಟು ಜನ ಬರ್ತಾರೆ" ಎಂದಳು. ಫ್ಲೋ ಎಂದರೇನೆಂದು ಕೇಳಿದ್ದಕ್ಕೆ, "ನಿಲ್ಲಿಸದೆ ಒಂದಾದ ಮೇಲೊಂದು ಆಸನ. ಒಂದು ಉಸಿರಿಗೆ ಒಂದು. ನೀರು ಹರಿದಂಗೆ ಅಂತಾರೆ ಮೇಡಂ. ನಾನು ಸದ್ಯಕ್ಕೆ ಚರಂಡಿ ನೀರು ಹರಿದಂಗೆ ಹರೀತಾ ಇದೀನಿ, ಅಲ್ಲಲ್ಲಿ ಕಟ್ಕೊಂಡು" ಎಂದಳು.

ಕಲಿಸುವವಳು ಚೇತನಾ. ಮೂವತ್ತರ ಒಳಗಿನ ಹುಡುಗಿ, ರಾಜರಾಜೇಶ್ವರಿನಗರದ ಒಂದು ಯೋಗ ಸ್ಟುಡಿಯೋದಲ್ಲಿ ಕೆಲಸ. ಅವಳ ತಾಯಿ ಗಾರ್ಮೆಂಟ್ಸಿನಲ್ಲಿ ದುಡಿದೇ ಅವಳನ್ನು ಓದಿಸಿದವರು. ಅದಕ್ಕೇ ದಿನಾ ಕತ್ತಲಲ್ಲಿ ಸ್ಕೂಟರ್ ಹತ್ತಿ ಇಷ್ಟು ದೂರ ಬಂದು, ಕೆಲಸಕ್ಕೆ ಹೋಗುವ ಹೆಂಗಸರಿಗೆಂದೇ ಈ ಬ್ಯಾಚು ನಡೆಸುತ್ತಿದ್ದಳು. ಹೆಂಗಸರು ಕಟ್‌ಪೀಸುಗಳನ್ನು ಪದರಪದರವಾಗಿ ಕೂಡಿಸಿ ತಾವೇ ಹೊಲಿದ ಮ್ಯಾಟುಗಳನ್ನು ತರುತ್ತಿದ್ದರು. ಮಹಡಿಯ ನೆಲದ ಮೇಲೆ ಅವು ಸಾಲಾಗಿ ಹರಡಿದರೆ ಅಷ್ಟಗಲ ಹೂವಿನ ಮಡಿಯ ಹಾಗೆ ಕಾಣುತ್ತಿತ್ತು.

ಮೊದಲ ದಿನ ಇಂದ್ರಮ್ಮ ಕೈ ಮೇಲಕ್ಕೆತ್ತಿದಳು, ಬಗ್ಗಿದಳು, ಕಾಲು ಹಿಂದಕ್ಕೆ ಹಾಕಿ ಹಲಗೆಯಂತೆ ನಿಂತಳು, ಮೊಣಕೈ ಮಡಿಸಿ ಮೈಯನ್ನು ಇಳಿಸಿದಳು. ಚೇತನಾ ಬಂದು ಅವಳ ಬೆನ್ನ ಮೇಲೆ ಅಂಗೈ ಇಟ್ಟಳು.

"ಆಂಟಿ, ಉಸಿರಾಡ್ತಾ ಇಲ್ಲ ನೀವು."

"ಆಡ್ತಾ ಇದೀನಲ್ಲಮ್ಮ."

"ಇಲ್ಲ ಆಂಟಿ. ಹಿಡ್ಕೊಂಡಿದೀರ. ಬಿಡಿ."

ಬಿಟ್ಟಾಗ ಎದೆಯೊಳಗಿಂದ ಬಂದ ಸದ್ದಿಗೆ ಇಂದ್ರಮ್ಮನೇ ಬೆಚ್ಚಿದಳು. ತುಂಬಿದ ಮೂಟೆಯನ್ನು ಯಾರೋ ನೆಲಕ್ಕಿಳಿಸಿದಂತಿತ್ತು. ಅಂದು ಫ್ಯಾಕ್ಟರಿಯಲ್ಲಿ ಮೊದಲ ಕಾಲರಿನ ಮೂಲೆಗೆ ಸೂಜಿ ಬಂದಾಗ ತಾನು ಏನು ಮಾಡುತ್ತೇನೆಂದು ಗಮನಿಸಿದಳು. ಗಮನಿಸಿ ನಕ್ಕಳು. ನಗುವುದಕ್ಕೂ ಉಸಿರು ಬಿಟ್ಟುಕೊಳ್ಳಲಿಲ್ಲ, ಮೂಲೆ ದಾಟಿದ ಮೇಲೆ ನಕ್ಕಳು.

ಎರಡು ವರ್ಷದಲ್ಲಿ ಕತ್ತು ಬಲಗಡೆಗೂ ತಿರುಗಿತು. ಬೆನ್ನು ಬಗ್ಗಿತು, ಅಂಗೈ ನೆಲ ಮುಟ್ಟಿತು. ಆದರೂ ಒಂದು ಉಳಿದೇ ಹೋಯಿತು. ಹಲಗೆಯಿಂದ ಕೆಳಗಿಳಿಯುವ ಆ ಗಳಿಗೆಯಲ್ಲಿ, ಉಸಿರು ಬಿಡಬೇಕಾದಲ್ಲೇ, ಅವಳು ಹಿಡಿಯುತ್ತಿದ್ದಳು. ಮೈ ಅದನ್ನೊಂದು ಮೂಲೆಯೆಂದೇ ತಿಳಿದಿತ್ತು. ಉಳಿದ ಹೆಂಗಸರದೂ ಅದೇ ಕತೆ. ಸಮುದ್ರದ ಅಲೆಯ ಹಾಗೆ ಗಂಟಲಲ್ಲಿ ಸದ್ದು ಮಾಡುತ್ತಾ ಉಸಿರಾಡಿ ಎಂದು ಚೇತನಾ ಹೇಳಿಕೊಡುತ್ತಿದ್ದಳು.

"ಸಮುದ್ರ ನೋಡಿಲ್ಲ ಮೇಡಂ" ಎಂದಳು ಶೋಭಾರಾಣಿ, ತಲೆಕೆಳಗಾಗಿ ನಿಂತಲ್ಲಿಂದಲೇ. "ಕುಕ್ಕರ್ ಆದ್ರೆ ಗೊತ್ತು. ಮೂರು ಕೂಗು ಕೂಗಲಾ?"

ಇಂಥ ನಗುವಿನ ನಡುವೆ, ಕಳೆದ ಡಿಸೆಂಬರಿನ ಕೊನೆಯ ವಾರ, ಚೇತನಾ ಮ್ಯಾಟಿನ ಮೇಲೆ ಕೂತು ವಿಷಯ ಹೇಳಿದಳು. ಸ್ಟುಡಿಯೋದಲ್ಲಿ ಬೆಳಗಿನ ಬ್ಯಾಚು ತನಗೇ ಒಪ್ಪಿಸಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಇಲ್ಲಿಗೆ ಬರಲು ಆಗುವುದಿಲ್ಲ.

"ನಿಮ್ಮಲ್ಲೇ ಯಾರಾದ್ರೂ ನಡೆಸಬೇಕು. ಇಂದ್ರಮ್ಮ ಆಂಟಿ ನಡೆಸ್ಲಿ ಅಂತ ನನ್ನಾಸೆ. ಎರಡು ವರ್ಷದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ ಅವರು."

ಸಮುದಾಯ ಭವನದ ಬೀಗದ ಕೈ ಇದ್ದದ್ದು ಬಡಾವಣೆಯ ಸಂಘದ ಅಧ್ಯಕ್ಷ ಚನ್ನಮಲ್ಲಪ್ಪನವರ ಹತ್ತಿರ. ಹಳೆಯ ಹೆಗ್ಗನಹಳ್ಳಿಯ ಹೊಲದ ಮನೆತನ. ಹೊಲವಿದ್ದಲ್ಲಿ ಈಗ ಅವರ ಹಾರ್ಡ್‌ವೇರ್ ಅಂಗಡಿ. ಕೆಟ್ಟವರಲ್ಲ, ಆದರೆ ಖಾಲಿ ಜಾಗ ಕಂಡರೆ ಸಂಕಟಪಡುವವರು. ದೊಡ್ಡ ಸ್ಪೀಕರಿಟ್ಟು ಕುಣಿಸುವ ಡ್ಯಾನ್ಸ್ ಫಿಟ್ನೆಸ್ಸಿನವರು ಅದೇ ಹೊತ್ತಿಗೆ ಮಹಡಿ ಕೇಳಿದ್ದರು.

"ನಿಮ್ಮನ್ನ ಓಡಿಸ್ತಾ ಇಲ್ಲ ನಾನು" ಎಂದರು ಚನ್ನಮಲ್ಲಪ್ಪ. "ನಡೆಸೋರೇ ಇಲ್ಲ ಅಂದ್ರೆ ಬೀಗ ಯಾರ ಕೈಗೆ ಕೊಡ್ಲಿ ಹೇಳಿ? ರಥಸಪ್ತಮಿಗೆ ಪ್ರತಿ ವರ್ಷ ನೂರೆಂಟು ಸೂರ್ಯನಮಸ್ಕಾರ ಹಾಕ್ತೀರಲ್ಲ. ಈ ಸಲ ಅದನ್ನ ನೀವೇ ನಡೆಸಿ ತೋರಿಸಿ. ನಡೀತು, ಮಹಡಿ ನಿಮ್ದು. ಇಲ್ವಾ, ಅವರಿಗೆ ಕೊಡ್ತೀನಿ."

ಐದೂವರೆಯಿಂದ ಆರೂ ಇಪ್ಪತ್ತರವರೆಗಿನ ಆ ಐವತ್ತು ನಿಮಿಷಗಳಲ್ಲಿ ಇಂದ್ರಮ್ಮ ಯಾರ ಅಡುಗೆಯವಳೂ ಅಲ್ಲ, ಯಾವ ಲೈನಿನ ಆಪರೇಟರೂ ಅಲ್ಲ. ಕಿಟಕಿಯ ಕಂಬಿಗಳ ಆಚೆ ಆಕಾಶ ಮೊದಲು ಬೂದಿ, ಆಮೇಲೆ ಹಾಲು, ಆಮೇಲೆ ಕುಂಕುಮವಾಗುವುದನ್ನು ತಲೆಕೆಳಗಾಗಿ ನೋಡುವ ಹೆಂಗಸು, ಅಷ್ಟೆ. ಅಷ್ಟು ವರ್ಷದ ಮೇಲೆ ಸಿಕ್ಕ ಐವತ್ತು ನಿಮಿಷ. ಅದನ್ನು ಸ್ಪೀಕರಿಗೆ ಕೊಟ್ಟು ಮನೆಗೆ ಹೋಗಲು ಅವಳು ಒಪ್ಪಲಿಲ್ಲ.

ಜನವರಿಯ ಮೊದಲ ಭಾನುವಾರ ಪರೀಕ್ಷೆಗೆಂದು ಅವಳೇ ಮುಂದೆ ನಿಂತಳು. ಚೇತನಾ ಹಿಂದಿನ ಸಾಲಿನಲ್ಲಿ, ಚನ್ನಮಲ್ಲಪ್ಪ ಬಾಗಿಲಲ್ಲಿ. ಎದುರಿಗೆ ಇಪ್ಪತ್ತು ಹೆಂಗಸರು.

"ಉಸಿರು ತಗೊಂಡು ಕೈ ಮೇಲೆ... ಬಿಡ್ತಾ ಬಗ್ಗಿ... ತಗೊಂಡು ತಲೆ ಎತ್ತಿ..." ಎನ್ನುತ್ತಾ ತಾನೂ ಜೊತೆಗೆ ಮಾಡಿದಳು. ಹಲಗೆಗೆ ಬಂದಾಗ ಮಾತು ಮರೆತಳು. ಭುಜಗಳು ಬಿಗಿದವು. ಇಪ್ಪತ್ತು ಜೊತೆ ಕಣ್ಣು ಅವಳ ಭುಜಗಳ ಮೇಲೇ ಇದ್ದವು. ಒಬ್ಬಳು ಹೊಲಿದದ್ದನ್ನು ನೋಡಿ ಇನ್ನೊಬ್ಬಳು ಹೊಲಿಯುವುದು ಅವರಿಗೆಲ್ಲ ಎಷ್ಟೋ ವರ್ಷಗಳ ಅಭ್ಯಾಸ. ಮಹಡಿಯಲ್ಲಿ ಒಂದು ಚೂರೂ ಸದ್ದಿಲ್ಲ. ಇಪ್ಪತ್ತು ಜನ ಹೆಂಗಸರು ನೆಲಕ್ಕೆ ಒಂದು ಗೇಣು ಮೇಲೆ ತೂಗುತ್ತಾ, ಉಸಿರು ಹಿಡಿದು, ಒಟ್ಟಿಗೇ ಕಾಲರಿನ ಮೂಲೆ ತಿರುಗಿಸುತ್ತಿದ್ದರು.

"ಏನ್ರಮ್ಮ ಇದು, ಕರೆಂಟ್ ಹೋದ ಮಿಷನ್ ಥರ ನಿಂತ್ಬಿಟ್ರಿ?" ಎಂದರು ಚನ್ನಮಲ್ಲಪ್ಪ.

ಇಪ್ಪತ್ತು ಎದೆಗಳಿಂದ ಒಂದೇ ಸಲ ಉಸಿರು ಸಿಡಿಯಿತು. ಶೋಭಾರಾಣಿ ಮ್ಯಾಟಿನ ಮೇಲೆ ಕುಸಿದು ಬಿದ್ದು ನಗತೊಡಗಿದಳು, ಮಿಕ್ಕವರೂ ಬಿದ್ದು ನಕ್ಕರು. ಇಂದ್ರಮ್ಮನೂ ನಕ್ಕಳು. ಆದರೆ ಹನ್ನೊಂದನೆಯ ಸುತ್ತಿಗೆ ಇಬ್ಬರಿಗೆ ತಲೆ ಸುತ್ತಿತು. ಅಲ್ಲಿಗೆ ನಿಲ್ಲಿಸಬೇಕಾಯಿತು.

"ಹನ್ನೊಂದಕ್ಕೇ ಹಿಂಗಾದ್ರೆ" ಎಂದು ಚನ್ನಮಲ್ಲಪ್ಪ ಗಡಿಯಾರ ನೋಡಿಕೊಂಡು ಇಳಿದು ಹೋದರು. ಚೇತನಾ ಅವಳ ಕೈ ಹಿಡಿದುಕೊಂಡಳು. "ಆಂಟಿ, ಮುಂದೆ ನಿಂತೋರು ಹೆಂಗೆ ಉಸಿರಾಡ್ತಾರೋ ಹಿಂದಿನೋರು ಹಂಗೇ ಆಡ್ತಾರೆ. ನೀವು ಬಿಟ್ರೆ ಅವರು ಬಿಡ್ತಾರೆ. ಇನ್ನೂ ಮೂರು ವಾರ ಇದೆ."

ಮೂರು ವಾರದಲ್ಲಿ ಒಂದು ವಾರ ಸುಮ್ಮನೆ ಕಳೆಯಿತು. ಇಂದ್ರಮ್ಮ ರೊಟ್ಟಿ ತಟ್ಟುವಾಗ ಉಸಿರು ನೋಡಿಕೊಂಡಳು, ಬಸ್ಸಿನಲ್ಲಿ ನೋಡಿಕೊಂಡಳು. ನೋಡಿಕೊಂಡಷ್ಟೂ ಅದು ಎದೆಯೊಳಗೆ ಬೆಕ್ಕಿನಂತೆ ಮುದುಡಿ ಕೂರುತ್ತಿತ್ತು.

ಸಂಕ್ರಾಂತಿಗೆ ಎರಡು ದಿನ ಮುಂಚೆ, ಮಧ್ಯಾಹ್ನದ ಊಟವಾದ ಮೇಲೆ, ಶೋಭಾರಾಣಿ ತನ್ನ ಮಿಷನ್ನಿನಿಂದಲೇ ಮನೆ ಓನರಮ್ಮನ ಜಗಳ ಹೇಳಲು ಶುರುಮಾಡಿದಳು. ನೂರು ಮಿಷನ್ನುಗಳ ಗದ್ದಲದ ಮೇಲೆ ಕೂಗಿ ಹೇಳಬೇಕು, ಕೇಳುವವಳು ಕೂಗಿ ಹೂಂಗುಟ್ಟಬೇಕು. ಹೂಂ ಬಾರದಿದ್ದರೆ ಹೇಳುವವಳು ನಿಲ್ಲಿಸಿಬಿಡುತ್ತಾಳೆ. ಲೈನಿನ ರಿವಾಜೇ ಅದು.

"ನಾನು ಸಂಪ್ ಮುಚ್ಚಳ ತೆಗೆದೆ ಕಣೇ!"

"ಹೂಂ!"

"ಓನರಮ್ಮ ಮಹಡಿ ಮೇಲಿಂದ ನೋಡಿದ್ಳು!"

"ಹೂಂ!"

"ನೀರು ಅರ್ಧ ಬಿಂದಿಗೆ ಕೂಡ ಹಿಡಿದಿಲ್ಲ!"

"ಹೂಂ!"

ಇಂದ್ರಮ್ಮನ ಕಾಲು ಪೆಡಲಿನ ಮೇಲೆ ನಿಂತಿತು. ಕೈಯಲ್ಲಿದ್ದ ಕಾಲರನ್ನು ತಿರುಗಿಸಿ, ಮೂಲೆಯನ್ನು ಉಗುರಿನಿಂದ ಹೊರಕ್ಕೆ ತಳ್ಳಿ ನೋಡಿದಳು. ಎರಡೂ ಮೂಲೆ ಬೇವಿನೆಲೆಯ ತುದಿಯ ಹಾಗೆ ಮೊನಚಾಗಿದ್ದವು. ಅವನ್ನು ಹೊಲಿದಾಗ ಅವಳು ಹೂಂ ಎನ್ನುತ್ತಿದ್ದಳು. ಹೂಂ ಎನ್ನಬೇಕಾದರೆ ಉಸಿರು ಬಿಡಲೇಬೇಕು.

"ಹೂಂ ಅನ್ನೇ! ಆಮೇಲೆ ಏನಾಯ್ತು ಗೊತ್ತಾ?"

"ಶೋಭಾ, ನಿಲ್ಲಿಸ್ಬೇಡ. ಇನ್ನೂ ನಾಲ್ಕು ಕಾಲರ್ ಹೊಲೀತೀನಿ, ಜಗಳ ಇನ್ನೂ ಉದ್ದ ಮಾಡು!"

ಸೂಪರ್‌ವೈಸರ್ ಸುಬ್ರಮಣಿ ಬಂದು, "ಏನಮ್ಮಾ, ಟಾರ್ಗೆಟ್ ಮುಗೀತಾ? ಕತೆ ಕೇಳ್ತಾ ಕೂತಿದೀರ" ಎಂದ. ಇಂದ್ರಮ್ಮ ಮುಗಿದ ಬಂಡಲನ್ನು ಅವನ ಕೈಗೆ ಕೊಟ್ಟು, "ಹೂಂ ಸಾರ್" ಎಂದಳು, ಆ ಹೂಂ ಎದೆಯ ತಳದಿಂದ ಬಂತು.

ಮಾರನೆಯ ಬೆಳಿಗ್ಗೆ ಚೇತನಾ ಸ್ಟುಡಿಯೋದ ಕೆಲಸವೆಂದು ಬಂದಿರಲಿಲ್ಲ. ಇಂದ್ರಮ್ಮ ಮಹಡಿಯಲ್ಲಿ ಎಲ್ಲರಿಗೂ ಹೇಳಿದಳು. ಮೇಲೇಳುವಾಗ ನಾನು ಒಂದು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳುತ್ತಾ ಉಸಿರು ತಗೊಳ್ಳಿ. ಇಳಿಯುವಾಗ ಎಲ್ಲರೂ ಹೂಂ ಅನ್ನಿ. ಒಂದು ಸೂರ್ಯನಮಸ್ಕಾರಕ್ಕೆ ಐದು ಹೂಂ. ಮೊದಲು ಟೀವಿ ಸೀರಿಯಲ್ಲಿನ ಕತೆ ಹೇಳಿ ನೋಡಿದಳು. ಎರಡನೆಯ ಸುತ್ತಿಗೇ ಹಿಂದಿನ ಸಾಲಿನಿಂದ, "ಅವ್ಳು ಸತ್ತಿಲ್ಲ ಅಕ್ಕ, ನಾಟಕ ಆಡಿದ್ದು" ಎಂದು ತಕರಾರು ಬಂತು. ಬಗ್ಗಿದವರೆಲ್ಲ ಬಗ್ಗಿಕೊಂಡೇ ವಾದ ಮಾಡತೊಡಗಿದರು. ಎಲ್ಲರಿಗೂ ಗೊತ್ತಿರುವ ಕತೆ ಕೆಲಸಕ್ಕೆ ಬರುವುದಿಲ್ಲ.

ಆಗ ಅವಳಿಗೆ ಅವ್ವ ಅಕ್ಕಯ್ಯಮ್ಮ ನೆನಪಾದಳು. ಮಾಗಡಿಯ ಆಚೆಯ ಹಳ್ಳಿಯಲ್ಲಿ, ರಾಗಿಯಲ್ಲಿ ಕಲ್ಲು ಆರಿಸುತ್ತಾ ಅವ್ವ ಒಂದು ಗಾಡಿಯ ಕತೆ ಹೇಳುತ್ತಿದ್ದಳು. ಗಾಡಿ ಹೊರಡುತ್ತದೆ, ದಾರಿಯಲ್ಲಿ ಒಬ್ಬರು ಸಿಗುತ್ತಾರೆ, ಹತ್ತಿಸಿಕೊಳ್ಳುತ್ತಾರೆ, ಮತ್ತೊಬ್ಬರು ಸಿಗುತ್ತಾರೆ. ಮೊರದ ತುಂಬ ರಾಗಿ ಹಸನಾಗುವವರೆಗೂ ಗಾಡಿ ತುಂಬುವುದಿಲ್ಲ, ಕತೆ ಮುಗಿಯುವುದಿಲ್ಲ.

"ಗಾಡಿ ಯಾಕೆ, ಬಸ್ ಮಾಡು" ಎಂದ ಹನುಮಂತಯ್ಯ ಅಂದು ರಾತ್ರಿ, ಟೀವಿಯಿಂದ ಕಣ್ಣು ಕೀಳದೆ. "ಮಾಗಡಿ ರೋಡಲ್ಲಿ ಬೆಳಿಗ್ಗೆ ಎಂಟು ಗಂಟೆ ಬಸ್ಸು. ನೂರೆಂಟು ಜನ ಅದ್ರಲ್ಲಿ ದಿನಾ ಹತ್ತುತಿದ್ರು. ನಾನು ನೋಡಿದೀನಿ."

ಸಂಕ್ರಾಂತಿಯ ಮರುದಿನ ಚೇತನಾ ಕೊನೆಯ ಕ್ಲಾಸು ನಡೆಸಿದಳು. ಹೂಂ ವಿಷಯವನ್ನು ಯಾರೂ ಅವಳಿಗೆ ಹೇಳಲಿಲ್ಲ. ಕ್ಲಾಸಿನಲ್ಲಿ ಮಾತಾಡಬಾರದೆಂಬುದು ಅವಳ ಶಿಸ್ತು. ರಥಸಪ್ತಮಿಗೆ ಬಂದೇ ಬರುತ್ತೇನೆಂದು ಎಲ್ಲರನ್ನೂ ತಬ್ಬಿಕೊಂಡು ಹೋದಳು.

ಈ ವರ್ಷ ರಥಸಪ್ತಮಿ ಭಾನುವಾರವೇ ಬಿದ್ದಿತ್ತು. ಹನುಮಂತಯ್ಯ ಹಿಂದಿನ ದಿನವೇ ಖಾಲಿ ಸೈಟಿನಿಂದ ಎಕ್ಕದ ಎಲೆ ಕಿತ್ತು ತಂದಿದ್ದ. ತಲೆ, ಭುಜ, ಮಂಡಿ, ಪಾದಗಳ ಮೇಲೆ ಏಳು ಎಲೆ ಇಟ್ಟುಕೊಂಡು ಇಂದ್ರಮ್ಮ ತಣ್ಣೀರು ಸುರಿದುಕೊಂಡಳು. ಎಲೆಗಳು ಜಾರಿ ಬಚ್ಚಲಲ್ಲಿ ಮೀನಿನಂತೆ ತಿರುಗಿದವು. ಫ್ಯಾಕ್ಟರಿಯಲ್ಲಿ ಪೀಸುಗಳಿಗೆ ಅಂಟಿಸುವ ನಂಬರ್ ಸ್ಟಿಕ್ಕರುಗಳು ಮಿಕ್ಕಿ ಕಸಕ್ಕೆ ಹೋಗುವುದನ್ನು ತಂದಿಟ್ಟುಕೊಂಡಿದ್ದಳು, ಒಂದರಿಂದ ನೂರೆಂಟರವರೆಗೆ. ಅವನ್ನು ಗಂಡನ ಕೈಗೆ ಕೊಟ್ಟಳು.

"ಒಂದು ಸುತ್ತಿಗೆ ಒಂದು. ಬಾಗಿಲ ಚೌಕಟ್ಟಿಗೆ ಅಂಟಿಸ್ತಾ ಹೋಗಿ. ನಿದ್ದೆ ಮಾಡ್ಬೇಡಿ."

"ಓಹೋ, ರಿಟೈರ್ ಆದ್ಮೇಲೆ ಕಂಡಕ್ಟರ್ ಕೆಲ್ಸ" ಎಂದು ಅವನು ಮೆಟ್ಟಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ.

ಚೇತನಾ ಬಂದು ಮೊದಲ ಸಾಲಿನಲ್ಲೇ ಮ್ಯಾಟು ಹಾಸಿದಳು. ಚನ್ನಮಲ್ಲಪ್ಪ ಬಿಳಿ ಪಂಚೆಯಲ್ಲಿ ಬಂದು ಗೋಡೆಗೊರಗಿ ನಿಂತರು, ಬೀಗದ ಕೈ ಬೆರಳಲ್ಲಿ ತಿರುಗುತ್ತಿತ್ತು. ಪೂರ್ವದ ಕಿಟಕಿ ಕೆಂಪಾಗುತ್ತಿದ್ದಂತೆ ಇಂದ್ರಮ್ಮ ಶುರುಮಾಡಿದಳು. ಈ ಸಲ ಅವಳು ಮ್ಯಾಟಿನ ಮೇಲೆ ನಿಲ್ಲಲಿಲ್ಲ, ಸಾಲುಗಳ ನಡುವೆ ನಡೆಯುತ್ತಾ ಹೇಳಿದಳು.

"ಸ್ಟಾಪಲ್ಲಿ ಒಬ್ಬಳು ಅಜ್ಜಿ ನಿಂತಿದ್ಳು..."

ಇಪ್ಪತ್ತು ಜೊತೆ ಕೈ ಮೇಲಕ್ಕೆದ್ದು, "ಹೂಂ" ಎಂದು ನೆಲಕ್ಕೆ ಬಂದವು.

"ಅವಳ ಹೆಸರು ಅಕ್ಕಯ್ಯಮ್ಮ..."

ತಲೆ ಎತ್ತಿದರು, ಕಾಲು ಹಿಂದಕ್ಕೆ ಹಾಕಿದರು. "ಹೂಂ" ಎಂದು ಇಳಿದರು. ಯಾರ ಭುಜವೂ ಬಿಗಿಯಲಿಲ್ಲ.

"ಮಡಿಲಲ್ಲಿ ಮುತ್ತುಗದ ಎಲೇಲಿ ಸುತ್ತಿದ ರಾಗಿ ರೊಟ್ಟಿ..."

ಎದೆ ಎತ್ತಿ ಮುಂದೆ ನೋಡಿದರು. "ಹೂಂ" ಎಂದು ಸೊಂಟ ಮೇಲೆತ್ತಿ ಬೆಟ್ಟದಂತಾದರು.

"ಬಸ್ ಬಂತು..."

"ಹೂಂ."

"ಹತ್ತಿ ಕಿಟಕಿ ಪಕ್ಕ ಕೂತ್ಲು."

"ಹೂಂ."

ಚೇತನಾ ಮೊದಲ ಹೂಂಗೆ ಬೆಚ್ಚಿ ತಿರುಗಿ ನೋಡಿದ್ದಳು. ಎರಡನೆಯದಕ್ಕೆ ಹುಬ್ಬು ಗಂಟಾಯಿತು. ಮೂರನೆಯ ಸುತ್ತಿಗೆ ಬೆಟ್ಟದ ಆಸನದಲ್ಲಿ ತಲೆ ಕೆಳಗಾಗಿ ನಿಂತು ಕಿವಿಗೊಟ್ಟಳು. ಎರಡು ವರ್ಷ ತಾನು ಎಷ್ಟು ಬೇಡಿದರೂ ಸಿಗದಿದ್ದ ಸದ್ದು ಅದು. ಇಪ್ಪತ್ತು ಉಸಿರು ಒಂದೇ ಉದ್ದಕ್ಕೆ ಹೊರಗೆ ಬಂದು, ಒಂದೇ ಕಡೆ ಮುಗಿಯುತ್ತಿದ್ದವು. ಆರನೆಯ ಸುತ್ತಿನಲ್ಲಿ ಅವಳ ಬಾಯಿಂದಲೂ ಹೂಂ ಬಂತು.

ಬಸ್ಸು ಹೊರಟಿತು. ಇಂದ್ರಮ್ಮ ಯಾರನ್ನೂ ಕಲ್ಪಿಸಿಕೊಳ್ಳಬೇಕಾಗಲಿಲ್ಲ. ಕೂದಲ ತುಂಬ ನೂಲಿನ ಎಳೆ ಸಿಕ್ಕಿಸಿಕೊಂಡು ಹನುಮಕ್ಕ ಹತ್ತಿದಳು. ಹೆರಿಗೆ ಮಾಡಿಸಿದ ನರ್ಸಮ್ಮ ಹತ್ತಿದಳು. ಇಂದ್ರಮ್ಮ ಡ್ಯೂಟಿಗೆ ಹೋದಾಗ ಅವಳ ಮಗಳು, ಪುಟ್ಟ ಕೀರ್ತನಾಳನ್ನು ತನ್ನ ಮಗುವಿನ ಜೊತೆಗೇ ಎದೆಗಪ್ಪಿಕೊಂಡು ಹಾಲೂಡಿಸಿದ ವಠಾರದ ಹೆಂಗಸು ಎರಡು ಕಂಕುಳಲ್ಲೂ ಒಂದೊಂದು ಕೂಸಿನೊಂದಿಗೆ ಹತ್ತಿದಳು, ಆ ಸುತ್ತಿನ ಹೂಂ ಸ್ವಲ್ಪ ಮೆತ್ತಗಿತ್ತು. ಮೊದಲ ಸಂಬಳದಲ್ಲಿ ಕೊಂಡ ನೀಲಿ ಸೀರೆ ಇಸ್ತ್ರಿ ಮಾಡುತ್ತಾ ಸುಟ್ಟ ಇಸ್ತ್ರಿಯವನು ಹೆದರಿಕೊಂಡೇ ಹತ್ತಿದ. ಟಾರ್ಗೆಟ್ ಬೋರ್ಡು ಕಂಕುಳಲ್ಲಿಟ್ಟುಕೊಂಡು ಸುಬ್ರಮಣಿ ಹತ್ತಿದ.

"ಸೀಟು ಕೇಳಿದ..."

"ಹೂಂ!"

"ಯಾರೂ ಕೊಡ್ಲಿಲ್ಲ..."

"ಹೂಂ!" ಎಂದ ಇಪ್ಪತ್ತು ದನಿಗೆ ಕಿಟಕಿಯ ಮೇಲಿನ ಪಾರಿವಾಳಗಳು ಎದ್ದು ಹಾರಿದವು.

ಅರವತ್ತೊಂದನೆಯವರಾಗಿ, ಬಿಳಿ ಪಂಚೆಯುಟ್ಟು, ಬೆರಳಲ್ಲಿ ಬೀಗದ ಕೈ ತಿರುಗಿಸುತ್ತಾ ಒಬ್ಬರು ಹತ್ತಿದರು. "ಖಾಲಿ ಸೀಟು ಇದೆಯಾ ಅಂತ ನೋಡಿದ್ರು" ಎಂದಾಗ ಗೋಡೆಗೊರಗಿದ್ದ ಚನ್ನಮಲ್ಲಪ್ಪನವರ ಬೆರಳು ನಿಂತಿತು. ಹೆಂಗಸರು ಹೂಂ ಎನ್ನುವ ಬದಲು ನಗುತ್ತಾ ನೆಲಕ್ಕಿಳಿದರು. ನಕ್ಕರೂ ಉಸಿರು ಹೋಗುತ್ತದೆ, ಯಾರೂ ತಡೆಯಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿದು ಮೂರನೆಯ ಸಾಲಿಗೆ ಬಂತು. ಕಟ್‌ಪೀಸಿನ ಮ್ಯಾಟುಗಳ ಮೇಲೆ ಬೆವರು ಹನಿಯಿತು. ಪ್ರತಿ ಹನ್ನೆರಡು ಸುತ್ತಿಗೊಮ್ಮೆ ಒಂದಿಷ್ಟು ನಿಂತು ನೀರು ಕುಡಿದರು. ತೊಂಬತ್ತಾಯಿತು, ತೊಂಬತ್ತೈದಾಯಿತು. ತೊಂಬತ್ತೊಂಬತ್ತನೆಯದು ಮುಗಿದು ನೂರನೆಯದಕ್ಕೆ ಹೆಂಗಸರು ಕಾಲು ಹಿಂದಕ್ಕೆ ಹಾಕಿ ಹಲಗೆಯಂತೆ ನಿಂತಾಗ, ಇಂದ್ರಮ್ಮ ಬಾಯಿ ತೆರೆದಳು, ಮಾತು ಬರಲಿಲ್ಲ.

ಜನ ಮುಗಿದುಹೋಗಿದ್ದರು. ಐವತ್ತೆರಡು ವರ್ಷದಲ್ಲಿ ಅವಳಿಗೆ ಸಿಕ್ಕವರೆಲ್ಲ ಬಸ್ಸಿನಲ್ಲಿದ್ದರು. ಯಾರಾದರೂ, ಯಾರಾದರೂ ಎಂದು ಹುಡುಕುತ್ತಾ ಅವಳ ಎದೆ ಬಿಗಿಯಿತು. ಉಸಿರು ಹಳೆಯ ಜಾಗಕ್ಕೆ ಹೋಗಿ ನಿಂತಿತು. ಅವಳನ್ನು ನೋಡುತ್ತಿದ್ದವರ ಉಸಿರೂ ನಿಂತಿತು. ಮಹಡಿ ಮತ್ತೆ ಸದ್ದಡಗಿ ಮೂಲೆ ತಿರುಗಿಸತೊಡಗಿತು. ಎರಡನೆಯ ಸಾಲಿನಲ್ಲಿ ಒಬ್ಬಳ ತೋಳು ನಡುಗಿತು. ಚನ್ನಮಲ್ಲಪ್ಪ ಗೋಡೆಯಿಂದ ಬೆನ್ನು ತೆಗೆದು ನೇರ ನಿಂತರು. ಚೇತನಾ ತುಟಿ ತೆರೆದಳು, ತಾನು ಹೇಳಬಾರದೆಂದು ಮುಚ್ಚಿಕೊಂಡಳು.

ಬಾಗಿಲ ಕುರ್ಚಿಯಿಂದ, ಮೂವತ್ತನಾಲ್ಕು ವರ್ಷ ಮಾಗಡಿ ರಸ್ತೆಯ ಗದ್ದಲದ ಮೇಲೆ ಕೂಗಿ ಪಳಗಿದ ಗಂಟಲು ಕೂಗಿತು:

"ಒಳಗಡೆ ಹೋಗ್ರಮ್ಮಾ! ಬಾಗ್ಲಲ್ಲೇ ನಿಂತ್ಕೊಂಡ್ರೆ ಹೆಂಗೆ? ಹಿಂದೆ ಜಾಗ ಇದೆ, ಒಂಬತ್ತು ಜನಕ್ಕೆ ಜಾಗ ಇದೆ!"

ನಗು ಸ್ಫೋಟಿಸಿತು. ನಗುವಿನ ಜೊತೆಗೇ ಎಲ್ಲರ ಉಸಿರು, ಇಂದ್ರಮ್ಮನದೂ, ಹೊರಗೆ ಬಂತು. ಅವಳು ತಲೆಯೆತ್ತಿ ಹಿಂದೆ ನೋಡಿದಳು. ಹಿಂದೆ ನಿಜವಾಗಿಯೂ ಜನ ಇದ್ದರು. ಇಷ್ಟು ಹೊತ್ತು ಕಣ್ಣ ಮುಂದೆಯೇ ಏಳುತ್ತಾ ಬೀಳುತ್ತಾ ಇದ್ದವರು.

"ಹಿಂದಿನ ಸಾಲಲ್ಲಿ ರಂಜಿನಿ ಅಂತ ಒಬ್ಳು..." ಎಂದಳು.

"ಹೂಂ!" ಎಂದು ಎಲ್ಲರೂ ಇಳಿದರು. ಮದುವೆ ಗೊತ್ತಾದ ವಿಷಯವನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ರಂಜಿನಿ, ಕೈಯಲ್ಲಿ ಲಗ್ನಪತ್ರಿಕೆಯ ಕಟ್ಟು ಹಿಡಿದು ಬಸ್ಸು ಹತ್ತಿ ಎಲ್ಲರೆದುರು ಕೆಂಪಾದಳು. ನಾಲ್ಕು ದಿನದಿಂದ ಜ್ವರವಿದ್ದರೂ ಇಂದು ಬಂದವಳು ಸ್ವೆಟರಿನಲ್ಲೇ ಹತ್ತಿದಳು. ಸ್ಕೂಟರ್ ಕೆಳಗೆ ನಿಲ್ಲಿಸಿ, ಹೆಲ್ಮೆಟ್ಟಿನ ಸಮೇತ ಚೇತನಾ ಹತ್ತಿದಳು. "ಟಿಕೆಟ್ ಬೇಡ ಅಂದ್ರು ಕಂಡಕ್ಟ್ರು" ಎಂದದ್ದಕ್ಕೆ ಚೇತನಾಳ ಹೂಂ ಅರ್ಧಕ್ಕೇ ಮುರಿಯಿತು. ಕನ್ನಡಿ ನೋಡಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಕಿಟಕಿ ಸೀಟು ಬೇಕೇ ಬೇಕೆಂದು ಜಗಳವಾಡುತ್ತಾ ನೂರೇಳನೆಯವಳಾಗಿ ಶೋಭಾರಾಣಿ ಹತ್ತಿದಳು.

ಇನ್ನೊಂದು ಸ್ಟಾಪು. ಇಂದ್ರಮ್ಮನ ಗಂಟಲು ಒಣಗಿತ್ತು. ಅವಳು ನೀರಿನ ಬಾಟಲಿಗೆ ಕೈ ಚಾಚಿದಾಗ ಶೋಭಾರಾಣಿ ತನ್ನ ಮ್ಯಾಟಿನಿಂದ ಪಕ್ಕಕ್ಕೆ ಸರಿದಳು.

"ನೀನು ಬಾರೇ ಇಲ್ಲಿ. ನಿಂತ್ಕೋ. ಇದನ್ನ ನಾನು ಹೇಳ್ತೀನಿ."

"ನಂಗೆ ಇಡೀ ಸುತ್ತು..."

"ನಿಂತ್ಕೊಳ್ಳೇ ಸುಮ್ನೆ."

ಇಂದ್ರಮ್ಮ ಕಟ್‌ಪೀಸಿನ ಆ ಮ್ಯಾಟಿನ ಮೇಲೆ ನಿಂತಳು. ಅದರಲ್ಲಿ ಅವಳು ಹೊಲಿದ ಶರ್ಟುಗಳ ಬಟ್ಟೆಯೂ ಇತ್ತು. ಪಾದದಡಿಯಲ್ಲಿ ಒಂದು ನೀಲಿ ಗೆರೆ, ಒಂದು ಚೌಕುಳಿ.

"ಕೊನೇ ಸ್ಟಾಪಲ್ಲಿ ಒಬ್ಳು ನಿಂತಿದ್ಳು" ಎಂದಳು ಶೋಭಾರಾಣಿ. ಅವಳ ದನಿಯಲ್ಲಿ ಯಾವಾಗಲೂ ಇರುವ ತಮಾಷೆ ಈಗ ಇರಲಿಲ್ಲ.

ಇಂದ್ರಮ್ಮ ಕೈಗಳನ್ನು ಮೇಲೆತ್ತಿದಳು. "ಹೂಂ" ಎಂದು ಬಗ್ಗಿದಳು.

"ಎಲ್ರನ್ನೂ ಹತ್ತಿಸಿ ಹತ್ತಿಸಿ, ತಾನು ಹತ್ತೋದನ್ನೇ ಮರ್ತಿದ್ಳು..."

ತಲೆಯೆತ್ತಿ, ಕಾಲು ಹಿಂದಕ್ಕೆ ಹಾಕಿ, ಹಲಗೆಯಂತೆ ನಿಂತಳು. ಮುಂದಿನದು ಆ ಮೂಲೆ. ಮೈ ಅದನ್ನು ಗುರುತಿಸಿತು. ಭುಜ ಬಿಗಿಯಲು ನೋಡಿತು. ಇಂದ್ರಮ್ಮ ತಡೆಯಲಿಲ್ಲ, ಹೋರಾಡಲೂ ಇಲ್ಲ. ಕೇಳಿದ ಮಾತಿಗೆ 'ಹೂಂ' ಎಂದಳು ಅಷ್ಟೆ. ಮೊಣಕೈ ಬಾಗಿತು. ಮೈ ಕೆಳಗೆ ಬಂತು, ಸಂಜೆ ಅಂಗಳಕ್ಕೆ ಹಕ್ಕಿ ಇಳಿದಷ್ಟು ಹಗುರವಾಗಿ. ಮ್ಯಾಟಿನ ಮೇಲೆ ಆ ಮೂಲೆ ತಿರುಗುವಾಗ ಮೊದಲ ಸಲ ಅವಳ ಎದೆಯ ಬಾಗಿಲು ತೆರೆದೇ ಇತ್ತು.

"ಕೈಯಲ್ಲಿ ಅರ್ಧ ಹೊಲಿದ ಕಾಲರು..."

"ಹೂಂ."

"ಬಸ್ಸಲ್ಲಿದ್ದ ನೂರೇಳು ಜನಾನೂ ಕಿಟಕಿಯಿಂದ ಕೈ ಚಾಚಿದ್ರು..."

"ಹೂಂ" ಎಂದವರು ಈಗ ಇಂದ್ರಮ್ಮ ಒಬ್ಬಳೇ ಅಲ್ಲ. ಮಹಡಿಯ ಎಲ್ಲರೂ ಹೇಳಿದರು. ಗೋಡೆಯ ಹತ್ತಿರದ ಒಂದು ಗಡಸು ದನಿಯೂ ಹೇಳಿತು.

"ಹತ್ತಿದ್ಳು."

ಇಂದ್ರಮ್ಮ ನೇರ ನಿಂತು, ಎರಡೂ ಕೈಗಳನ್ನು ಎದೆಯ ಮುಂದೆ ಜೋಡಿಸಿ, ಕೊನೆಯ ಹೂಂ ಅನ್ನು ತುಂಬ ಹೊತ್ತು ಬಿಟ್ಟಳು. ಹನುಮಂತಯ್ಯ ನೂರೆಂಟನೆಯ ಸ್ಟಿಕ್ಕರನ್ನು ಚೌಕಟ್ಟಿಗೆ ಒತ್ತಿದ.

ಆಮೇಲಿನ ಗಲಾಟೆಯಲ್ಲಿ ಯಾರು ಯಾರನ್ನು ತಬ್ಬಿಕೊಂಡರೋ ಹೇಳುವುದು ಕಷ್ಟ. ಚೇತನಾ ಇಂದ್ರಮ್ಮನ ಬೆನ್ನ ಮೇಲೆ, ಮೊದಲ ದಿನ ಇಟ್ಟಲ್ಲೇ, ಅಂಗೈ ಇಟ್ಟು, "ನನ್ನ ಸ್ಟುಡಿಯೋದಲ್ಲೂ ಒಂದಿನ ಬಂದು ಬಸ್ ಓಡಿಸಿ ಆಂಟಿ" ಎಂದಳು. ಚನ್ನಮಲ್ಲಪ್ಪ ಬಂದು ಬೀಗದ ಕೈಯನ್ನು ಇಂದ್ರಮ್ಮನ ಅಂಗೈಗೆ ಹಾಕಿದರು. ಹೋಗುತ್ತಾ ಬಾಗಿಲಲ್ಲಿ ನಿಂತು ಸ್ಟಿಕ್ಕರುಗಳ ಸಾಲನ್ನು ಬೆರಳಿನಿಂದ ಸವರುತ್ತಾ ಬಂದು ಅರವತ್ತೊಂದರ ಮೇಲೆ ನಿಲ್ಲಿಸಿದರು.

"ನಂಗೆ ಸೀಟು ಸಿಕ್ತೋ ಇಲ್ವೋ, ಅದನ್ನೇ ಹೇಳ್ಲಿಲ್ಲವಲ್ಲಮ್ಮ ನೀನು."

"ಇನ್ನು ದಿನಾ ಹೇಳ್ತೀವಿ ಸಾರ್, ಬೆಳಿಗ್ಗೆ ಐದೂವರೆಗೆ ಬನ್ನಿ" ಎಂದಳು ಶೋಭಾರಾಣಿ.

ಎಲ್ಲರೂ ಇಳಿದು ಹೋದ ಮೇಲೆ ಇಂದ್ರಮ್ಮ ತನ್ನ ಕೈಯಿಂದಲೇ ಬೀಗ ಹಾಕಿದಳು. ಗಂಡ ಹೆಂಡತಿ ಬಿಸಿಲಲ್ಲಿ ನಡೆದು ಹೊರಟರು. ಬೀದಿಯ ರಂಗೋಲಿಗಳಲ್ಲಿ ಸೂರ್ಯನ ರಥದ ಚಕ್ರಗಳಿದ್ದವು, ಅವನ್ನು ತುಳಿಯದೆ ಹೋಗಲು ಇಬ್ಬರೂ ಅತ್ತಿತ್ತ ಕಾಲಿಡಬೇಕಿತ್ತು.

"ಒಂದು ವಿಷಯ" ಎಂದ ಹನುಮಂತಯ್ಯ. "ನೂರೆಂಟು ಜನನ ಹತ್ತಿಸ್ದೆ. ಸುಬ್ರಮಣಿನ ಹತ್ತಿಸ್ದೆ, ಇಸ್ತ್ರಿಯೋನ್ನ ಹತ್ತಿಸ್ದೆ, ನಂಬರ್ ಅಂಟಿಸ್ತಾ ಅಂಟಿಸ್ತಾ ಕಾಯ್ತಾನೇ ಇದ್ದೆ ನಾನು. ನನ್ನನ್ನ ಮಾತ್ರ ಹತ್ತಿಸ್ಲೇ ಇಲ್ಲ."

ಇಂದ್ರಮ್ಮ ಕತ್ತನ್ನು ಮಾತ್ರ ಬಲಗಡೆಗೆ ತಿರುಗಿಸಿ ಅವನನ್ನು ನೋಡಿದಳು.

"ಅಷ್ಟು ಸ್ಟಾಪಲ್ಲಿ ಒಂದು ಸಲಾನಾದ್ರೂ ಯಾರಾದ್ರೂ ಜೋಲಿ ಹೊಡೆದ್ರು ಅಂದ್ನಾ? ಬಿದ್ರು ಅಂದ್ನಾ?"

"ಇಲ್ಲ."

"ಹಂಗೆ ಓಡಿಸೋರು ನಂಗೆ ಗೊತ್ತಿರೋದು ಒಬ್ರೇ. ನೀವು ಮೊದಲಿಂದಲೂ ಸ್ಟೇರಿಂಗ್ ಹಿಂದೆ ಕೂತಿದ್ರಿ. ಹತ್ತಿಸೋದೇನು ಬಂತು?"

ಹನುಮಂತಯ್ಯ ಒಂದು ರಂಗೋಲಿಯನ್ನು ದಾಟಿದ. ಇನ್ನೊಂದನ್ನು ದಾಟಿದ. ಹಾಲಿನ ಬೂತಿನವರೆಗೆ ನಡೆದು, ಆಮೇಲೆ ಬಾಯಿ ಬಿಟ್ಟು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಅಂದ:

"ಹೂಂ."